ಅತ್ತೆಯ ಒನಕೆ, ಸಾಗವಾನಿ ಮಂಟಪ, ಮೆಲ್ಬರ್ನ್ ಕ್ವಾರಂಟೈನ್: ಏನು ದಾಟುತ್ತದೆ, ಏನು ದಾಟುವುದಿಲ್ಲ

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವರು. ನಮ್ಮ ಯಜಮಾನರಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದೆ. ಇಬ್ಬರು ಮಕ್ಕಳನ್ನು ಕರೆದುಕೊಂಡು ಇನ್ನು ಮೂರು ತಿಂಗಳಲ್ಲಿ ಹೊರಡಬೇಕು. ಹಡಗಿನಲ್ಲಿ ಸಾಮಾನು ಸಾಗಿಸುವ ಖರ್ಚು ಕಂಪನಿಯದು. ಸಾಗವಾನಿ ದೇವರ ಮಂಟಪ, ಮಕ್ಕಳ ತೊಟ್ಟಿಲು, ಚಿತ್ರದುರ್ಗದ ಅತ್ತೆ ಮನೆಯಿಂದ ಬಂದ ಬೀಟೆ ಮರದ ಪೆಟ್ಟಿಗೆ, ಒನಕೆ, ಬೀಸುವ ಕಲ್ಲು, ಎರಡು ಮೊರ, ಚಳ್ಳಕೆರೆ ಕಂಬಳಿ, ಕೌದಿ, ಕೂಸಿನ ಸಾಸಿವೆ ದಿಂಬು ಇವನ್ನೆಲ್ಲ ಒಯ್ಯುವ ಆಸೆ. ಜೊತೆಗೆ ಒಂದು ವರ್ಷಕ್ಕಾಗುವಷ್ಟು ತೊಗರಿಬೇಳೆ, ಒಣಮೆಣಸಿನಕಾಯಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಹಾಕಿಕೊಡುತ್ತೇನೆ ಅಂತ ಅತ್ತೆ ಹೇಳುತ್ತಿದ್ದಾರೆ. "ಫ್ಯೂಮಿಗೇಷನ್ ಸರ್ಟಿಫಿಕೇಟ್ ಒಂದು ಮಾಡಿಸಿದರೆ ಎಲ್ಲಾ ಪಾಸ್" ಅಂತ ಒಬ್ಬ ನೆಂಟರು ಹೇಳಿದರು. "ಮರದ ಸಾಮಾನು ಕಂಡರೆ ಸುಟ್ಟುಹಾಕುತ್ತಾರೆ" ಅಂತ ಇನ್ನೊಬ್ಬರು. ಯಾರ ಮಾತು ನಂಬಬೇಕು? ಏನು ಕಟ್ಟಬೇಕು, ಏನು ಬಿಡಬೇಕು?

ಉತ್ತರ: ಇಬ್ಬರ ಮಾತೂ ಪೂರ್ತಿ ಸರಿಯಿಲ್ಲ. ಫ್ಯೂಮಿಗೇಷನ್ ಎಂದರೆ ಹುಳು ಕೊಲ್ಲಲು ವಿಷಾನಿಲ ಬಿಡುವುದು. ಅದರ ಸರ್ಟಿಫಿಕೇಟ್ ಇದ್ದರೂ ಪೆಟ್ಟಿಗೆ ತೆರೆಯುವ ಅಧಿಕಾರ ಅಲ್ಲಿಯವರಿಗಿದೆ. ಹಾಗೆಯೇ ಚೊಕ್ಕಟವಾಗಿರುವ, ಹುಳುವಿಲ್ಲದ ಮರದ ಸಾಮಾನನ್ನು ಯಾರೂ ಸುಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲು ಹೋಗಬಹುದಾದ ಸಾಮಾನೇ ಇದೆ. ತಕರಾರು ಬರುವುದು ತಿನ್ನುವ ಪದಾರ್ಥಕ್ಕೆ, ಮೊರಕ್ಕೆ, ದಿಂಬಿಗೆ. ಬೀಟೆ ಪೆಟ್ಟಿಗೆಯ ತೊಡಕು ಬೇರೆಯೇ ಇದೆ. ಅದು ಆಸ್ಟ್ರೇಲಿಯಾ ಮುಟ್ಟುವ ಮೊದಲೇ, ನಮ್ಮ ಬಂದರಿನಲ್ಲೇ ಎದುರಾಗುತ್ತದೆ.

ಮೊದಲು ಅವರು ಯಾಕೆ ಇಷ್ಟು ಬಿಗಿ ಅನ್ನುವುದನ್ನು ತಿಳಿದುಕೊಳ್ಳಿ. ಅದು ಗೊತ್ತಾದರೆ ಅರ್ಧ ಪ್ರಶ್ನೆಗೆ ನಿಮ್ಮ ಅಡುಗೆಮನೆಯಲ್ಲಿ ನಿಂತೇ ಉತ್ತರ ಸಿಗುತ್ತದೆ.

ಅವರ ದೊಡ್ಡ ಭಯ ಖಾಪ್ರಾ ಎನ್ನುವ ಹುಳು. ನಮ್ಮ ಉಪಖಂಡದ್ದೇ ಹುಳು ಇದು, ದವಸ ಇರುವ ಕಡೆಯೆಲ್ಲ ಇದರ ವಾಸ. ದೊಡ್ಡ ಹುಳು 2–3 ಮಿಲಿಮೀಟರ್ ಅಷ್ಟೇ. ರೆಕ್ಕೆ ಇದ್ದರೂ ಹಾರುವುದಿಲ್ಲ. ಹಾಳು ಮಾಡುವುದು ಅದರ ಮರಿ: ಮೈಮೇಲೆ ಕಂದು ಕೂದಲಿರುತ್ತದೆ, ಕಾಳು ತಿಂದು ಪುಡಿ ಮಾಡುತ್ತದೆ, ಬಿಟ್ಟ ಪೊರೆಯೂ ಕೂದಲೂ ದವಸಕ್ಕೆ ಸೇರಿ ಅದು ತಿನ್ನಲು ಬಾರದಂತಾಗುತ್ತದೆ. ತಿನ್ನಲು ಏನೂ ಸಿಗದಿದ್ದರೆ ಈ ಮರಿ ಬಿರುಕಿನಲ್ಲಿ ಸೇರಿ ವರ್ಷಗಟ್ಟಲೆ ಸುಮ್ಮನೆ ಮಲಗಿರಬಲ್ಲದು. ಆ ಸ್ಥಿತಿಯಲ್ಲಿ ಸಾಮಾನ್ಯ ಔಷಧಿಗೂ ಸುಲಭಕ್ಕೆ ಸಾಯುವುದಿಲ್ಲ. ಹಾರದ ಹುಳು ದೇಶ ದಾಟುವುದು ಸಾಮಾನಿನ ಜೊತೆಗೇ: ಗೋಣಿಚೀಲದ ಹೊಲಿಗೆ, ರಟ್ಟಿನ ಪೆಟ್ಟಿಗೆಯ ಮಡಿಕೆ, ಬೀರುವಿನ ಸಂದು, ಕಂಟೇನರಿನ ನೆಲದ ಹಲಗೆಯ ಸೀಳು.

2007ರಲ್ಲಿ ಪರ್ತ್ ನಗರದಲ್ಲಿ ಹೊಸದಾಗಿ ವಲಸೆ ಬಂದವರ ಮನೆಸಾಮಾನಿನಲ್ಲೇ ಈ ಹುಳು ಸಿಕ್ಕಿ, ಇಡೀ ಮನೆಗೆ ಪ್ಲಾಸ್ಟಿಕ್ ಹೊದಿಸಿ ವಿಷಾನಿಲ ಬಿಡಬೇಕಾಯಿತು. ಖಾಪ್ರಾ ಅಲ್ಲಿ ನೆಲೆಯೂರಿದರೆ 20 ವರ್ಷಗಳಲ್ಲಿ 1,550 ಕೋಟಿ ಡಾಲರ್ ನಷ್ಟ ಎಂದು ಅವರ ಸರ್ಕಾರದ ಲೆಕ್ಕ. ಗೋಧಿಯನ್ನು ಹೇರಳವಾಗಿ ಹೊರದೇಶಗಳಿಗೆ ಮಾರುವ ದೇಶ ಅದು. ಆದ್ದರಿಂದ ಭಾರತದಿಂದ ಬರುವ ಮನೆಸಾಮಾನನ್ನು ಅವರು ನೋಡುವ ಕಣ್ಣೇ ಬೇರೆ. ನಿಮ್ಮ ಮೇಲೆ ಅನುಮಾನ ಅಂತ ತಿಳಿಯಬೇಡಿ. ಎರಡನೆಯ ಭಯ ದನಗಳ ಕಾಲುಬಾಯಿ ಜ್ವರ. ಅಲ್ಲಿ 1872ರಿಂದ ಈಚೆಗೆ ಆ ರೋಗ ಕಾಣಿಸಿಲ್ಲ, ನಮ್ಮಲ್ಲಿ ಇದ್ದೇ ಇದೆ. ಹಾಲಿನ ಪದಾರ್ಥ, ಸಗಣಿ, ಬೂಟಿನ ಮಣ್ಣು ಇವುಗಳ ಮೇಲೆ ಕಣ್ಣಿಡುವುದು ಅದಕ್ಕೇ. ಮೂರನೆಯದು ಮರ ಕೊರೆಯುವ ಹುಳು ಮತ್ತು ಗೆದ್ದಲು.

ಅಂದರೆ ಅಧಿಕಾರಿ ಹುಡುಕುವುದು ಸಾಮಾನಿನ ಒಳಗೆ ಸಿಕ್ಕಿಕೊಂಡ ಉಳಿಕೆಯನ್ನು: ಕಾಳು, ಹಿಟ್ಟು, ಮಣ್ಣು, ಸಗಣಿ, ಎಲೆ, ಹುಳು. ಸಾಮಾನಿನ ಬೆಲೆ, ಅದರ ಹಿಂದಿನ ಭಕ್ತಿ, ಎಷ್ಟು ತಲೆಮಾರಿನದು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಈಗ ತಿನ್ನುವ ಪದಾರ್ಥದ ವಿಷಯ, ಯಾಕೆಂದರೆ ಜಗಳ ಆಗುವುದು ಇಲ್ಲೇ. ಹಡಗಿನಲ್ಲಿ ಹೋಗುವ ಮನೆಸಾಮಾನಿನೊಳಗೆ ಖಾಪ್ರಾ ಅಪಾಯದ ಧಾನ್ಯಗಳನ್ನು ಇಡುವುದನ್ನು 2020ರ ಸೆಪ್ಟೆಂಬರ್ 3ರಿಂದ ಆಸ್ಟ್ರೇಲಿಯಾ ನಿಲ್ಲಿಸಿದೆ. ಅಕ್ಟೋಬರ್ 15ರಿಂದ ಪ್ರಯಾಣಿಕರ ಬ್ಯಾಗಿಗೂ ಅಂಚೆ ಪಾರ್ಸಲ್ಲಿಗೂ ಅದೇ ನಿಯಮ. ಪಟ್ಟಿಯಲ್ಲಿ ಅಕ್ಕಿ, ಗೋಧಿ, ಕಡಲೆ, ತೊಗರಿ, ಹೆಸರು, ಅಲಸಂದೆ, ಬಟಾಣಿ, ಮಸೂರ, ಸೋಯಾ, ಶೇಂಗಾ, ಒಣಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಬೀಜ, ಸೋಂಪು, ಸೌತೆ-ಕುಂಬಳದ ಬೀಜ ಇವೆ. ನಿಮ್ಮ ಅತ್ತೆ ಹೇಳಿದ ಪದಾರ್ಥಗಳ ಮುಕ್ಕಾಲು ಭಾಗ ಅಲ್ಲೇ ಮುಗಿಯಿತು.

ಕಾರ್ಖಾನೆಯಲ್ಲಿ ಹುರಿದು, ಕರಿದು, ಬೇಯಿಸಿ ಅಥವಾ ಅರಳಿಸಿ ಪ್ಯಾಕ್ ಮಾಡಿದ ಮಾಲಿಗೆ ವಿನಾಯಿತಿ ಇದೆ. ಇದನ್ನು ಓದಿ ಹಲವರು ದಾರಿ ತಪ್ಪುತ್ತಾರೆ: "ಮಂಡಕ್ಕಿ ಅರಳಿಸಿದ್ದೇ ಅಲ್ಲವೇ, ಶೇಂಗಾ ಹುರಿದೇ ಚಟ್ನಿಪುಡಿ ಮಾಡಿದ್ದಲ್ಲವೇ?" ಭಟ್ಟಿಯಿಂದ ಚೀಲದಲ್ಲಿ ತಂದ ಬಿಡಿ ಮಂಡಕ್ಕಿಗೂ ಮನೆಯಲ್ಲಿ ಕುಟ್ಟಿದ ಚಟ್ನಿಪುಡಿಗೂ ಆ ವಿನಾಯಿತಿ ಅನ್ವಯಿಸುವುದಿಲ್ಲ. ಕಂಪನಿ ಹೆಸರು, ಒಳಗಿನ ಪದಾರ್ಥಗಳ ವಿವರ ಅಚ್ಚಾದ, ಸೀಲ್ ಒಡೆಯದ ಪ್ಯಾಕೆಟ್ ಇರಬೇಕು. ಹಾಲಿನ ಪೇಡ, ಬರ್ಫಿಗಳಿಗೂ ಪ್ರವೇಶವಿಲ್ಲ. ಹಸಿ ಕರಿಬೇವು, ಮಾವಿನೆಲೆ ತೋರಣ, ತುಳಸಿ ಗಿಡ, ಬಿತ್ತನೆಗೆಂದು ಕಟ್ಟಿಕೊಂಡ ಅವರೆ, ಸೊಪ್ಪಿನ ಬೀಜ ಯಾವುದನ್ನೂ ಕಟ್ಟಬೇಡಿ. ವ್ಯಾಕ್ಯೂಮ್ ಪ್ಯಾಕ್ ಮಾಡಿಸಿದರೆ ಬಿಡುತ್ತಾರೆ ಎಂಬ ಮಾತೂ ಓಡಾಡುತ್ತದೆ. ಗಾಳಿ ತೆಗೆದ ಮಾತ್ರಕ್ಕೆ ತೊಗರಿಬೇಳೆ ನಿಷೇಧದ ಪಟ್ಟಿಯಿಂದ ಹೊರಗೆ ಬರುವುದಿಲ್ಲ.

ಹಡಗಿನ ಪೆಟ್ಟಿಗೆಗಳಲ್ಲಿ ತಿನ್ನುವ ಪದಾರ್ಥ ಒಂದು ಚೂರೂ ಇಡಬೇಡಿ. ನಿಯಮದ ಪ್ರಕಾರ ಹೋಗಬಹುದಾದದ್ದನ್ನೂ ಇಡಬೇಡಿ. ಒಂದು ಪೊಟ್ಟಣ ಸಿಕ್ಕರೆ ಅದರ ಜೊತೆ ಬಂದ ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚಿ ನೋಡುವ ಸಾಧ್ಯತೆ ಹೆಚ್ಚುತ್ತದೆ. ತಪಾಸಣೆಯ ಗಂಟೆ ಲೆಕ್ಕದ ಶುಲ್ಕವೂ ಗೋದಾಮಿನ ದಿನ ಲೆಕ್ಕದ ಬಾಡಿಗೆಯೂ ನಿಮ್ಮ ತಲೆಗೇ. ಕಂಪನಿ ಸಾಗಣೆ ಖರ್ಚು ಕೊಟ್ಟರೂ ಕ್ವಾರಂಟೈನ್ (ಹುಳು-ರೋಗದ ತಪಾಸಣೆ) ಖರ್ಚು ಕೊಡುತ್ತದೆಯೇ ಎಂದು ಒಪ್ಪಂದದಲ್ಲಿ ನೋಡಿಕೊಳ್ಳಿ, ಬಹಳ ಕಡೆ ಕೊಡುವುದಿಲ್ಲ. ಮೆಲ್ಬರ್ನ್‌ನಲ್ಲಿ ಭಾರತೀಯ ದಿನಸಿ ಅಂಗಡಿಗಳು ಬೇಕಾದಷ್ಟಿವೆ, ತೊಗರಿಬೇಳೆ, ಮಂಡಕ್ಕಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಸಿಗುತ್ತವೆ. ಅತ್ತೆಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿ. ಪೆಟ್ಟಿಗೆ ಸೀಲ್ ಮಾಡುವ ಹಿಂದಿನ ರಾತ್ರಿ ಹಿರಿಯರು ಪ್ರೀತಿಯಿಂದ ಸೇರಿಸುವ ಹಪ್ಪಳದ ಕಟ್ಟು, ಕುಕ್ಕರಿನೊಳಗೆ ತುರುಕುವ ಶೇಂಗಾ ಉಂಡೆ, ಬಂದರಿನಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಇವೇ. ಪತ್ರದ ಮೇಲೆ ಸಹಿ ನಿಮ್ಮದು, ಆದ್ದರಿಂದ ಜವಾಬ್ದಾರಿಯೂ ನಿಮ್ಮದೇ.

ಮರದ ಸಾಮಾನು

ಸಾಗವಾನಿ ಮಂಟಪ, ತೊಟ್ಟಿಲು ಎರಡೂ ಹೋಗಬಹುದು. ಎಲ್ಲೂ ತೊಗಟೆ ಇರಬಾರದು, ಜೀವಂತ ಹುಳುವಾಗಲಿ ಅದರ ಪುಡಿಯಾಗಲಿ ಇರಬಾರದು. ಹಳೆ ಮರಕ್ಕೆ ತಕರಾರು, ಹೊಸ ಮರಕ್ಕೆ ಇಲ್ಲ ಎನ್ನುವುದು ತಲೆಕೆಳಗಾದ ನಂಬಿಕೆ. ಸಾಗವಾನಿಯ ಚೇಗು ಭಾಗವನ್ನು ಹುಳು ಸುಲಭಕ್ಕೆ ತಿನ್ನುವುದಿಲ್ಲ. ಅದರ ಹೊರಗಿನ ಬಿಳಿ ಭಾಗ, ಮಾವು, ರಬ್ಬರ್ ಮರದಂಥ ಮೆದು ಮರ, ಬಿದಿರು ಇವುಗಳಲ್ಲಿ ಕುಟ್ಟೆ ಹುಳು ಮೊಟ್ಟೆ ಇಡುತ್ತದೆ. ಒಳಗೆ ಮರಿ ತಿನ್ನುತ್ತಾ ಬೆಳೆದು ತೂತು ಕೊರೆದು ಹೊರಬರಲು ಒಂದು ವರ್ಷವೂ ಹಿಡಿಯಬಹುದು. ಹೊರಡುವ ಮೊದಲು ಹೊಸದಾಗಿ ಮಾಡಿಸಿದ ಅಗ್ಗದ ಪೀಠೋಪಕರಣ ನೋಡಲು ಚೆಂದವಿದ್ದು, ಹಡಗಿನಲ್ಲಿರುವಾಗ ಪುಡಿ ಉದುರಿಸಲು ಶುರುಮಾಡುವುದು ಹೀಗೆ. ಎಷ್ಟೋ ವರ್ಷದಿಂದ ಪುಡಿ ಉದುರಿಸದ ಹಳೆ ಮಂಟಪವೇ ಹೆಚ್ಚು ನಂಬಿಕಸ್ಥ.

ಪರೀಕ್ಷೆ ನೀವೇ ಮಾಡಬಹುದು. ಮಂಟಪವನ್ನು ಗೋಡೆಯಿಂದ ಈಚೆಗೆ ಎಳೆದು, ಹಿಂಬದಿಯ ಪ್ಲೈವುಡ್, ತಳದ ಕಾಲು, ಡ್ರಾಯರ್ ಹಿಂದಿನ ಬಿಳಿ ಪಟ್ಟಿ ಇವನ್ನು ಟಾರ್ಚ್ ಹಿಡಿದು ನೋಡಿ. 1–2 ಮಿಲಿಮೀಟರಿನ ದುಂಡನೆ ತೂತುಗಳಿದ್ದರೆ ಪೆನ್ಸಿಲ್‌ನಿಂದ ಪ್ರತಿಯೊಂದರ ಸುತ್ತ ಗುರುತು ಹಾಕಿ. ಕೆಳಗೆ ಕಪ್ಪು ಬಟ್ಟೆ ಹಾಸಿ, ಮರವನ್ನು ಕೈಮುಷ್ಟಿಯಿಂದ ತಟ್ಟಿ, ಎರಡು ಮೂರು ವಾರ ಹಾಗೇ ಬಿಡಿ. ಹೊಸ ತೂತು ಕಾಣಲಿಲ್ಲ, ಬಟ್ಟೆ ಮೇಲೆ ತಿಳಿಬಣ್ಣದ ನಯವಾದ ಪುಡಿ ಬೀಳಲಿಲ್ಲ ಎಂದರೆ ಹುಳು ಬಹುಶಃ ಎಂದೋ ಹೊರಟುಹೋಗಿದೆ ಎಂದರ್ಥ. ಹಾಗಿದ್ದರೂ ಹಳೆ ತೂತುಗಳನ್ನು ವ್ಯಾಕ್ಯೂಮ್ ಮಾಡಿ, ಮೇಣ ಅಥವಾ ಪುಟ್ಟಿ ತುಂಬಿ, ಅವು ಇದ್ದವು ಎನ್ನುವುದನ್ನು ಪಟ್ಟಿಯಲ್ಲಿ ಬರೆಯಿರಿ. ಮುಚ್ಚಿಟ್ಟ ಹಾಗೆ ಕಂಡರೆ ಅನುಮಾನ ಜಾಸ್ತಿ. ಹೊಸ ಪುಡಿ ಬಿದ್ದರೆ ಮಾತ್ರ ಫ್ಯೂಮಿಗೇಷನ್ ಬೇಕು, ಇಲ್ಲವೇ ಸಾಮಾನು ಬಿಡಬೇಕು. ಸೀಮೆಎಣ್ಣೆ, ಬೇವಿನೆಣ್ಣೆ ಸವರಿದರೆ ಮೇಲಿನ ಪದರಕ್ಕಷ್ಟೇ ತಾಗುತ್ತದೆ, ಒಳಗಿನ ಮರಿಗೆ ಮುಟ್ಟುವುದಿಲ್ಲ. ಆಮೇಲೆ ಇಡೀ ಕಂಟೇನರ್ ಆ ವಾಸನೆಯಲ್ಲೇ ಪ್ರಯಾಣ ಮಾಡುತ್ತದೆ.

ಒನಕೆಯನ್ನು ಬಿಟ್ಟು ಹೋಗಿ ಎಂದು ಚಿತ್ರದುರ್ಗದ ಮನೆಯವರಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳುವ ಅಗತ್ಯವೂ ಇಲ್ಲ. ಆದರೆ ತುದಿಯ ಕಬ್ಬಿಣದ ಬಳೆಯನ್ನು ಬಡಗಿ ಹತ್ತಿರ ಬಿಚ್ಚಿಸಿ. ಬಳೆಗೂ ಮರಕ್ಕೂ ನಡುವೆ ಎಷ್ಟೋ ವರ್ಷದ ನುಚ್ಚು, ಹಿಟ್ಟು ಗಟ್ಟಿಯಾಗಿ ಕೂತಿರುತ್ತದೆ. ಹುಳು ಮಲಗಲು ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಚುಚ್ಚಿ ತೆಗೆದು, ತಂತಿ ಬ್ರಷ್‌ನಿಂದ ಉಜ್ಜಿ, ಕುದಿನೀರು ಹೊಯ್ದು, ನಮ್ಮ ಬಿಸಿಲಿಗೆ ಮೂರು ದಿನ ಒಣಗಿಸಿ, ಬಳೆಯನ್ನು ಬೇರೆಯಾಗಿಯೇ ಸುತ್ತಿ ಒಯ್ಯಿರಿ. ಬೀಸುವ ಕಲ್ಲಿಗೂ ಇದೇ ಉಪಚಾರ. ಕಲ್ಲಿಗೆ ತಡೆ ಇಲ್ಲ, ಉಳಿ ಹೊಡೆದ ಗೆರೆಗಳಲ್ಲಿ ಕೂತ ಹಿಟ್ಟಿಗೆ ತಡೆ. ಗೂಟದ ತೂತಿನೊಳಗೂ ನೋಡಿ. ಮರದ ಹಿಡಿ ಸಡಿಲವಿದ್ದರೆ ತೆಗೆದು ಬಿಡಿ, ಅಲ್ಲಿ ಹೊಸದು ಹಾಕಿಸಬಹುದು.

ಮೊರದ ಆಸೆ ಬಿಡುವುದು ಒಳ್ಳೆಯದು. ಬಿದಿರು ಸೀಳಿನ ಹೆಣಿಗೆಯಲ್ಲಿ ಸಾವಿರ ಸಂದು. ಮೇಲಾಗಿ ನಮ್ಮ ಕಡೆ ಮೊರಕ್ಕೆ ಸಗಣಿ ಬಳಿದು ಒಣಗಿಸುವ ರೂಢಿ ಇದೆ. ಸಗಣಿ ಬಳಿದ ಮೊರ ಅಲ್ಲಿ ಕಾಲುಬಾಯಿ ಜ್ವರದ ವಿಷಯವಾಗುತ್ತದೆ. ಬಾಗಿನಕ್ಕೆ ಮೊರ ಬೇಕೇ ಬೇಕು ಎಂದರೆ ಪ್ಲಾಸ್ಟಿಕ್ ಅಥವಾ ಸ್ಟೀಲಿನದು ಒಯ್ಯಿರಿ. ಕಡ್ಡಿ ಪೊರಕೆ, ಈಚಲ ಚಾಪೆಗೂ ಇದೇ ಮಾತು: ಇಲ್ಲಿ ನೂರು ಇನ್ನೂರು ರೂಪಾಯಿಯ ಸಾಮಾನು, ಅಲ್ಲಿ ಅದರ ತಪಾಸಣೆಗೇ ಅದರ ಹತ್ತಾರು ಪಟ್ಟು ಹೋಗುತ್ತದೆ.

ಬೀಟೆ ಪೆಟ್ಟಿಗೆಗೆ ಬರೋಣ. ಬೀಟೆ ಮರ 2017ರ ಜನವರಿಯಿಂದ ಸೈಟ್ಸ್ ಎಂಬ, ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 10 ಕಿಲೋ ಒಳಗಿನ ಸಿದ್ಧ ವಸ್ತುಗಳಿಗೆ ರಿಯಾಯಿತಿ ಇದೆ, ಅಜ್ಜಿಯ ಕಾಲದ ಪೆಟ್ಟಿಗೆ ಖಂಡಿತ ಅದಕ್ಕಿಂತ ಭಾರ. ಅದನ್ನು ಹೊರಗೆ ಕಳಿಸುವ ಅನುಮತಿ ಪತ್ರಕ್ಕೆ ಚೆನ್ನೈ ಅಥವಾ ಮುಂಬೈನ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಕಚೇರಿಗೆ ಅರ್ಜಿ ಹಾಕಬೇಕು. ಇದರ ಮೇಲೆ ಪುರಾತನ ವಸ್ತುಗಳ ಕಾಯ್ದೆ ಬೇರೆ: 1972ರ ಆ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾ-ಕರಕುಶಲ ವಸ್ತುವನ್ನೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಯನ್ನೂ ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಪೆಟ್ಟಿಗೆಯ ವಯಸ್ಸಿನ ಬಗ್ಗೆ ಅನುಮಾನ ಬಂದರೆ ಪುರಾತತ್ವ ಇಲಾಖೆಯಿಂದ 'ಪುರಾತನ ವಸ್ತು ಅಲ್ಲ' ಎಂಬ ಪ್ರಮಾಣಪತ್ರ ತರಬೇಕಾಗುತ್ತದೆ. ಮೂರು ತಿಂಗಳಲ್ಲಿ ಇವೆರಡನ್ನೂ ಮುಗಿಸಿಕೊಂಡು ಹಡಗು ಹಿಡಿಯುವುದು ಕಷ್ಟದ ಮಾತು. ಪೆಟ್ಟಿಗೆಯನ್ನು ಚಿತ್ರದುರ್ಗದಲ್ಲೇ ಇಡಿ. ಮಂಟಪದಲ್ಲಿಡುವ ಹಳೆಯ ಕಂಚಿನ ವಿಗ್ರಹ, ತಾಳೆಗರಿ ಕಟ್ಟು ಇದ್ದರೆ ಅವುಗಳಿಗೂ ಇದೇ ಕಾಯ್ದೆ ಎನ್ನುವುದು ನೆನಪಿರಲಿ.

ಬಟ್ಟೆ, ಕಂಬಳಿ, ದಿಂಬು, ಪೂಜೆ ಸಾಮಾನು

ಕೌದಿ ಬರೀ ಹಳೆ ಸೀರೆಗಳ ಪದರ. ಬಿಸಿನೀರಿನಲ್ಲಿ ಒಗೆದು ಗರಿಗರಿಯಾಗಿ ಒಣಗಿಸಿ ಒಯ್ಯಿರಿ, ಯಾರೂ ಏನೂ ಅನ್ನುವುದಿಲ್ಲ. ಕಂಬಳಿಯ ಮಾತು ಸ್ವಲ್ಪ ಬೇರೆ. ಕೈಮಗ್ಗದ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಉಣ್ಣೆ ತಿನ್ನುವ ಹುಳುವಿಗೆ ಅದು ಊಟದ ಜೊತೆಗೆ ಉಪ್ಪಿನಕಾಯಿ. ಉಣ್ಣೆಯಲ್ಲಿ ಬೀಳುವ ಕೂದಲಿನ ಮರಿಹುಳು ಖಾಪ್ರಾದ ಕುಟುಂಬಕ್ಕೇ ಸೇರಿದ್ದು, ಅದರ ಪೊರೆಯನ್ನು ಬರಿಗಣ್ಣಿನಲ್ಲಿ ಬೇರೆ ಮಾಡಲು ಬರುವುದಿಲ್ಲ. ಅಂಥ ಒಂದು ಪೊರೆ ಸಿಕ್ಕರೆ ಅದನ್ನು ಕೀಟತಜ್ಞರು ನೋಡುವವರೆಗೆ ಪೆಟ್ಟಿಗೆ ಅಲ್ಲೇ. ಹೊಸ ಗಂಜಿಯ ಕಂಬಳಿ ಕೊಳ್ಳಬೇಡಿ. ಇರುವುದನ್ನೇ ಒಗೆದು ಗಂಜಿ ಬಿಡಿಸಿ, ಡ್ರೈಕ್ಲೀನ್ ಮಾಡಿಸಿ, ಸಾಧ್ಯವಾದರೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ಇದು ಸರ್ಟಿಫಿಕೇಟಿಗಾಗಿ ಮಾಡುವ ಕೆಲಸ ಅಲ್ಲ, ನಿಮ್ಮ ಸಮಾಧಾನಕ್ಕೆ.

ರೇಷ್ಮೆ ಸೀರೆಗಳ ಮಡಿಕೆ ಒಂದೊಂದನ್ನೂ ಬಿಚ್ಚಿ ನೋಡಿ. ಹುಳು ಬಾರದಿರಲಿ ಎಂದು ಇಟ್ಟ ಬೇವಿನೆಲೆ, ಬಜೆ, ಕಾಳುಮೆಣಸು, ಲವಂಗ ಎಲ್ಲ ಅಲ್ಲಿರುತ್ತವೆ. ಹುಳು ತಡೆಯಲು ಇಟ್ಟ ಎಲೆಯೇ ಅಲ್ಲಿ ತಕರಾರಾಗುವುದು ವಿಚಿತ್ರ, ಆದರೆ ಒಣಗಿದ ಎಲೆ ಎಂದರೆ ಅವರಿಗೆ ಗಿಡದ ಭಾಗವೇ. ನುಸಿಗುಳಿಗೆ ಹಾಕಿದರೆ ಸಾಕು ಎನ್ನುವವರಿದ್ದಾರೆ. ನುಸಿಗುಳಿಗೆ ಸೀರೆ ಕಾಯುತ್ತದೆ, ಕ್ವಾರಂಟೈನ್ ದಾಟಿಸುವುದಿಲ್ಲ.

ಸಾಸಿವೆ ದಿಂಬಿನ ಹೊಲಿಗೆ ಬಿಚ್ಚಿ ಸಾಸಿವೆ ಇಲ್ಲೇ ಸುರಿಯಿರಿ. ಚೀಲ ಒಗೆದು ಒಯ್ದು, ಅಲ್ಲಿನ ಅಂಗಡಿಯ ಸಾಸಿವೆ ತುಂಬಿ ಮತ್ತೆ ಹೊಲಿಯಿರಿ. ಬೂರುಗದ ಹತ್ತಿ, ಬೀಜ ಬಿಡಿಸದ ಅರಳೆ ತುಂಬಿದ ಹಳೆ ಗಾದಿ-ದಿಂಬು ಬೇಡವೇ ಬೇಡ.

ರುದ್ರಾಕ್ಷಿ, ತುಳಸಿಮಣಿ, ವಿಭೂತಿ ಇವನ್ನು ಹಡಗಿನ ಪೆಟ್ಟಿಗೆಗೆ ಹಾಕದೆ ವಿಮಾನದ ಕೈಚೀಲದಲ್ಲಿ ಒಂದೇ ಪಾರದರ್ಶಕ ಡಬ್ಬಿಯಲ್ಲಿಟ್ಟು, ಆಸ್ಟ್ರೇಲಿಯಾಕ್ಕೆ ಇಳಿಯುವ ಪ್ರಯಾಣಿಕರು ತುಂಬುವ ಘೋಷಣೆ ಕಾರ್ಡಿನಲ್ಲಿ 'ಹೌದು' ಎಂದು ಗುರುತಿಸಿ ತೋರಿಸಿ. ನಿರ್ಧಾರ ಎದುರಿಗಿರುವ ಅಧಿಕಾರಿಯದು. ಪೂರ್ತಿ ಸುಟ್ಟು ಬಿಳಿಯಾದ, ಕಂಪನಿ ಪ್ಯಾಕೆಟ್ಟಿನ ವಿಭೂತಿ ಸ್ವಲ್ಪವೇ ಇರಲಿ. ಕುರುಳು, ಗೋಮೂತ್ರ, ಪಂಚಗವ್ಯ ಬೇಡ. ಹೋಮಕ್ಕೆಂದು ಇಟ್ಟ ಸಮಿತ್ತು, ದರ್ಭೆಯೂ ಬೇಡ.

ಮಕ್ಕಳ ಪುಸ್ತಕಗಳನ್ನು ತಲೆಕೆಳಗಾಗಿ ಹಿಡಿದು ಜಾಡಿಸಿ. ಮರಿ ಹಾಕುತ್ತದೆಂದು ಇಟ್ಟ ನವಿಲುಗರಿ, ಜಾಲರಿಯಾದ ಅರಳಿ ಎಲೆ ಉದುರಿಯೇ ಉದುರುತ್ತವೆ. ನವಿಲುಗರಿಯನ್ನು ಭಾರತದಿಂದ ಹೊರಗೆ ಕಳಿಸುವುದಕ್ಕೇ ನಿಷೇಧವಿದೆ. ಸೈಕಲ್, ಕ್ರಿಕೆಟ್ ಬೂಟು, ಟೆಂಟು ಇವುಗಳ ಮಣ್ಣಿಗೆ ಯಾವ ರಿಯಾಯಿತಿಯೂ ಇಲ್ಲ. ಟೈರಿನ ಹಲ್ಲು, ಮಡ್‌ಗಾರ್ಡಿನ ಒಳಮೈ, ಬೂಟಿನ ಮೊಳೆಯ ಬುಡ ಎಲ್ಲವನ್ನೂ ಹಳೆ ಟೂತ್‌ಬ್ರಷ್‌ನಿಂದ ಉಜ್ಜಬೇಕು.

ಅಡುಗೆಮನೆ ಯಂತ್ರಗಳು: ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್, ಪ್ಲಗ್ ಮಾತ್ರ ಬೇರೆ. ಮಿಕ್ಸಿ, ಗ್ರೈಂಡರ್ ಕೆಲಸ ಮಾಡುತ್ತವೆ. ಮಿಕ್ಸಿಯ ತಳದ ಗಾಳಿಗಂಡಿ, ಗ್ರೈಂಡರಿನ ಬೆಲ್ಟಿನ ಕೋಣೆ, ಫ್ರಿಜ್ಜಿನ ಹಿಂದಿನ ನೀರಿನ ತಟ್ಟೆ ಬಿಚ್ಚಿ ಒರೆಸಿ. ಎಲ್ಪಿಜಿ ಒಲೆ ಒಯ್ಯಬೇಡಿ, ಅಲ್ಲಿಯ ಪ್ರಮಾಣೀಕರಣ ಇಲ್ಲದೆ ಅದನ್ನು ಜೋಡಿಸಿಕೊಡುವವರು ಸಿಗುವುದಿಲ್ಲ.

ಫ್ಯೂಮಿಗೇಷನ್: ಯಾವಾಗ ಬೇಕು, ಯಾವಾಗ ಬೇಡ

ನಿಮ್ಮ ನೆಂಟರು ಹೇಳಿದ ಸರ್ಟಿಫಿಕೇಟಿನಲ್ಲಿ ಎರಡು ಬಗೆ ಇವೆ, ಜನ ಎರಡನ್ನೂ ಬೆರೆಸುತ್ತಾರೆ. ಒಂದು, ಸಾಮಾನು ಕಟ್ಟುವ ಮರದ ಕ್ರೇಟು-ಪ್ಯಾಲೆಟ್ಟಿಗೆ ಬೇಕಾದದ್ದು. ಅಂತರರಾಷ್ಟ್ರೀಯ ನಿಯಮದಂತೆ ಆ ಮರವನ್ನು ಒಳತಿರುಳಿನ ತನಕ 56 ಡಿಗ್ರಿಗೆ ಕಾಯಿಸಿ 30 ನಿಮಿಷ ಹಿಡಿದಿಡಬೇಕು, ಅಥವಾ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕೊಡಬೇಕು. ಹಾಗೆ ಮಾಡಿದ ಹಲಗೆಯ ಮೇಲೆ ತೆನೆಯ ಚಿತ್ರ, ದೇಶದ ಗುರುತು, 'ಎಚ್‌ಟಿ' ಅಥವಾ 'ಎಂಬಿ' ಎಂಬ ಮುದ್ರೆ ಇರುತ್ತದೆ. ನಿಮ್ಮ ಮಂಟಪಕ್ಕೆ ಊರಿನ ಸಾಮಿಲ್‌ನಿಂದ ಹಲಗೆ ತಂದು ಕ್ರೇಟ್ ಹೊಡೆಸಿದರೆ ಆ ಮುದ್ರೆ ಇರುವುದಿಲ್ಲ, ಮಂಟಪ ಚೊಕ್ಕಟವಿದ್ದರೂ ಕ್ರೇಟಿನಿಂದಾಗಿ ಸಿಕ್ಕಿಬೀಳುತ್ತೀರಿ. ಪ್ಯಾಕಿಂಗ್‌ನವರಿಗೆ ಹೇಳಿ ಮುದ್ರೆಯ ಮರವನ್ನೇ ತರಿಸಿ, ಇಲ್ಲವೇ ಪ್ಲೈವುಡ್ ಪೆಟ್ಟಿಗೆ ಮಾಡಿಸಿ. ಪ್ಲೈವುಡ್‌ಗೆ ಈ ಮುದ್ರೆ ಬೇಕಿಲ್ಲ.

ಇನ್ನೊಂದು, ಪೀಠೋಪಕರಣಕ್ಕೇ ಕೊಡುವ ವಿಷಾನಿಲ. ಮರಕ್ಕೆ ರೂಢಿಯ ಪ್ರಮಾಣ 21 ಡಿಗ್ರಿ ಮೇಲಿನ ಉಷ್ಣತೆಯಲ್ಲಿ ಘನ ಮೀಟರಿಗೆ 48 ಗ್ರಾಂ ಮೀಥೈಲ್ ಬ್ರೋಮೈಡ್, 24 ಗಂಟೆ. ಇದು ಎಡವುವುದು ನಾಲ್ಕು ಕಡೆ. ಬಬಲ್ ಶೀಟು, ಪ್ಲಾಸ್ಟಿಕ್ ಸುತ್ತಿದ ಮೇಲೆ ಅನಿಲ ಬಿಟ್ಟರೆ ಒಳಗೆ ಹೋಗುವುದಿಲ್ಲ, ಆದ್ದರಿಂದ ಸುತ್ತುವ ಮೊದಲೇ ಆಗಬೇಕು. ಎಲ್ಲ ಮಗ್ಗುಲಿಗೂ ದಪ್ಪ ಪಾಲಿಶ್ ಹೊಡೆದ ಮರಕ್ಕೂ ಅನಿಲ ಇಳಿಯುವುದಿಲ್ಲ, ಹಿಂಬದಿ ತಳ ಬೋಳಾಗಿರಬೇಕು. ಕೆಲಸ ಮಾಡುವ ಸಂಸ್ಥೆ ಆಸ್ಟ್ರೇಲಿಯಾ ಒಪ್ಪಿದ ಪಟ್ಟಿಯಲ್ಲಿ ಇರಬೇಕು. ಅದಿಲ್ಲದೆ ಊರಲ್ಲಿ ಯಾರೋ ಮುದ್ರೆ ಒತ್ತಿ ಕೊಟ್ಟ ಕಾಗದಕ್ಕೆ ಬೆಲೆ ಇಲ್ಲ, ಅಲ್ಲಿ ಇಳಿದ ಮೇಲೆ ಡಾಲರ್ ಲೆಕ್ಕದಲ್ಲಿ ಮತ್ತೆ ಮಾಡಿಸುತ್ತಾರೆ. ಕೊನೆಯದು ಸಮಯ: ಹಡಗು ಹೊರಡುವುದಕ್ಕೆ 21 ದಿನಗಳ ಒಳಗೆ ಆಗಿರಬೇಕು. ಹಡಗು ತಡವಾದರೆ ಸರ್ಟಿಫಿಕೇಟ್ ಹಳಸಿಹೋಗುತ್ತದೆ.

ಮೀಥೈಲ್ ಬ್ರೋಮೈಡ್ ಗಂಧಕ ಇರುವ ಪದಾರ್ಥದ ಜೊತೆ ಸೇರಿದರೆ ಕೊಳೆತ ನಾತ ಹುಟ್ಟುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ರಬ್ಬರ್ ಫೋಮ್ ಹಾಸಿಗೆ, ಚರ್ಮದ ಸೋಫಾ, ಉಣ್ಣೆ ಕಂಬಳಿ, ಗರಿಯ ದಿಂಬು ಇವನ್ನು ಮರದ ಸಾಮಾನಿನ ಜೊತೆ ಅದೇ ಕಂಟೇನರಿನಲ್ಲಿಟ್ಟು ಅನಿಲ ಬಿಡಿಸಬೇಡಿ. ಶಾಖ ಕೊಡಿಸಿದರೆ ವಾಸನೆ ಇಲ್ಲ, ಆದರೆ ಹಳೆ ಅಂಟಿನ ಜೋಡಣೆ ಬಿಡಬಹುದು, ಪಾಲಿಶ್ ಬಿರಿಯಬಹುದು. ಕೆತ್ತನೆಯ ಮಂಟಪಕ್ಕೆ ಅದೂ ಅಪಾಯವೇ.

ನಿಮ್ಮ ಮುಂದಿರುವ ದಾರಿ ಮೂರು. ಇಲ್ಲೇ ಮಾನ್ಯತೆಯವರಿಂದ ಫ್ಯೂಮಿಗೇಷನ್ ಮಾಡಿಸುವುದು. ಸುಮ್ಮನೆ ಚೊಕ್ಕಟ ಮಾಡಿ ಕಳಿಸಿ, ಅಲ್ಲಿ ಕೇಳಿದರೆ ಮಾತ್ರ ಮಾಡಿಸುವುದು. ಬಿಟ್ಟು ಹೋಗುವುದು. ಕಪ್ಪು ಬಟ್ಟೆ ಪರೀಕ್ಷೆಯಲ್ಲಿ ಮಂಟಪ ಪಾಸಾದರೆ ಎರಡನೆಯ ದಾರಿಯೇ ಸಾಕು. ಅಲ್ಲಿ ಅಧಿಕಾರಿ ನೋಡುತ್ತಾರೆ, ಏನೂ ಇಲ್ಲದಿದ್ದರೆ ಬಿಡುತ್ತಾರೆ. ಪುಡಿ ಬಿದ್ದರೆ ಮೊದಲನೆಯದು, ಅದೂ ಸಾಮಾನಿನ ಮೇಲೆ ನಿಮಗೆ ಅಷ್ಟು ಪ್ರೀತಿ ಇದ್ದರೆ. ಏನಾದರೂ ಸಿಕ್ಕಿದಾಗ ಅವರು ಕೊಡುವ ನೋಟಿಸಿನಲ್ಲೂ ಮೂರೇ ಮಾತು ಇರುತ್ತವೆ: ಉಪಚಾರ ಮಾಡಿಸಿ, ವಾಪಸ್ ಕಳಿಸಿ, ನಾಶ ಮಾಡಲು ಒಪ್ಪಿ. ಮೂರರ ಖರ್ಚೂ ಮಾಲೀಕರದ್ದು. ಕಂಟೇನರಿನ ಪೆಟ್ಟಿಗೆಗೇ ಖಾಪ್ರಾ ಉಪಚಾರ ಬೇಕಾಗುವ ಸಂದರ್ಭಗಳೂ ಭಾರತದ ಮಟ್ಟಿಗೆ ಇವೆ. ಅದನ್ನು ಯಾರು ಮಾಡಿಸುತ್ತಾರೆ, ಕೊಟೇಷನ್ನಿನಲ್ಲಿ ಸೇರಿದೆಯೇ ಎಂದು ಮೂವರ್ಸ್‌ನವರಿಂದ ಬರಹದಲ್ಲಿ ಪಡೆಯಿರಿ.

ಕಟ್ಟುವ ಕೆಲಸ

ಈಗಿನಿಂದಲೇ ಒಂದು ಕೋಣೆ ಖಾಲಿ ಮಾಡಿ. ಆ ಕೋಣೆಯಲ್ಲಿ ಜೋಳ, ಅಕ್ಕಿ, ಶೇಂಗಾ ಚೀಲ ಇಟ್ಟಿರಬಾರದು, ಪಕ್ಕದ ಕೋಣೆಯಲ್ಲೂ ಇಲ್ಲದಿದ್ದರೆ ಮೇಲು. ನೆಲದ ಮೂಲೆ, ಬಾಗಿಲ ಚೌಕಟ್ಟಿನ ಬಿರುಕು ವ್ಯಾಕ್ಯೂಮ್ ಮಾಡಿ ಆ ಕಸದ ಚೀಲವನ್ನು ಹೊರಗೆಸೆಯಿರಿ. ಚೊಕ್ಕಟವಾದ ಸಾಮಾನು ಮಾತ್ರ ಅಲ್ಲಿ ಸೇರಲಿ. ಪೆಟ್ಟಿಗೆಗಳು ಹೊಸವೇ ಆಗಿರಬೇಕು. ಹಣ್ಣಿನಂಗಡಿ, ಮೊಟ್ಟೆ ಅಂಗಡಿಯ ರಟ್ಟಿನ ಪೆಟ್ಟಿಗೆ, ಗೋಣಿಚೀಲ, ಭತ್ತದ ಹುಲ್ಲು ಸುತರಾಂ ಕೂಡದು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಅಲ್ಲಿಂದ ಮುಂದೆ ಬಂದರು. ನಡುವೆ ಸ್ಥಳೀಯ ಗೋದಾಮಿನಲ್ಲಿ ಇಳಿಸುತ್ತೇವೆ ಅಂದರೆ ಯಾವ ಗೋದಾಮು ಎಂದು ಕೇಳಿ. ನಮ್ಮ ಎಪಿಎಂಸಿ ಸುತ್ತಮುತ್ತ ಖಾಲಿ ಇರುವ ಗೋದಾಮು ಎಂದರೆ ಹೋದ ತಿಂಗಳು ಮೆಕ್ಕೆಜೋಳ ತುಂಬಿದ್ದ ಗೋದಾಮೇ. ನಿಮ್ಮ ಮನೆಯಲ್ಲಿ ಎರಡು ತಿಂಗಳು ಪಟ್ಟ ಪಾಡು ಅಲ್ಲಿ ಒಂದೇ ರಾತ್ರಿಯಲ್ಲಿ ನೀರುಪಾಲು.

ಪಟ್ಟಿಯನ್ನು ಅಧಿಕಾರಿ ಓದಿ ಸಮಾಧಾನಪಡುವಂತೆ ಬರೆಯಿರಿ. "ಅಡುಗೆ ಸಾಮಾನು" ಎಂದು ಬರೆದ ಪೆಟ್ಟಿಗೆ ತೆರೆಯುತ್ತಾರೆ. "ಸ್ಟೀಲ್ ತಟ್ಟೆ 12, ಕುಕ್ಕರ್ 2, ಮಿಕ್ಸಿ 1, ಬಳಸಿದ್ದು, ತೊಳೆದದ್ದು, ತಿನಿಸು ಇಲ್ಲ" ಎಂದು ಬರೆದರೆ ಪ್ರಶ್ನೆಗಳು ಕಡಿಮೆ. ಪ್ರತಿ ಪೆಟ್ಟಿಗೆಗೂ ನಂಬರ್. ಮಂಟಪ, ತೊಟ್ಟಿಲು, ಒನಕೆ, ಕಂಬಳಿ, ಸೈಕಲ್ ಇವನ್ನು ಕಡಿಮೆ ಪೆಟ್ಟಿಗೆಗಳಲ್ಲಿ ಒಟ್ಟುಗೂಡಿಸಿ, ಕಂಟೇನರಿನ ಬಾಗಿಲ ಹತ್ತಿರ ಇಡಿಸಿ. ಅವರಿಗೆ ಬೇಕಾದದ್ದು ಮೊದಲೇ ಕೈಗೆ ಸಿಕ್ಕರೆ ಉಳಿದದ್ದನ್ನು ಕೆದಕುವ ಅಗತ್ಯ ಬೀಳದು. ನೀವೇ ಕಟ್ಟಿದ ಪೆಟ್ಟಿಗೆ ಎಂದು ಬರೆದರೆ ತಪಾಸಣೆ ಹೆಚ್ಚು. ಹಾಗಾಗಿ ಅಡುಗೆಮನೆಯ ಪೆಟ್ಟಿಗೆಗಳನ್ನಾದರೂ ಪ್ಯಾಕಿಂಗ್‌ನವರ ಕೈಯಲ್ಲೇ ಕಟ್ಟಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ.

ಹಡಗಿನ ಸಾಮಾನಿಗೆ ಬಿ534 ಎಂಬ ಫಾರಂ ತುಂಬಬೇಕು, ಜೊತೆಗೆ ಪಾಸ್‌ಪೋರ್ಟ್ ಪ್ರತಿ, ಸಾಮಾನಿನ ಪಟ್ಟಿ. ಹೊರಡುವ ಮೊದಲು ಪೂರ್ತಿ 12 ತಿಂಗಳು ನಿಮ್ಮದಾಗಿದ್ದು ನೀವು ಬಳಸಿದ ಸಾಮಾನಿಗೆ ಸುಂಕ ಇಲ್ಲ. ಹೊರಡುವ ವಾರ ಕೊಂಡ ಹೊಸ ಟೀವಿಗೆ ಆ ಮಾತು ಅನ್ವಯಿಸುವುದಿಲ್ಲ. ಫಾರಂನಲ್ಲಿ ಮರ, ಉಣ್ಣೆ, ಹೊಲ-ತೋಟದ ಉಪಕರಣ ಇವೆಯೇ ಎಂಬ ಪ್ರಶ್ನೆಗಳಿಗೆ ಅನುಮಾನ ಬಂದಲ್ಲೆಲ್ಲ 'ಹೌದು' ಅನ್ನಿ. ವಿಮಾನದ ಕಾರ್ಡಿಗೂ ಅದೇ ಸೂತ್ರ. ಘೋಷಿಸಿ ತೋರಿಸಿದ ವಸ್ತು ನಿಷಿದ್ಧವಾಗಿದ್ದರೆ ಅದನ್ನು ತೆಗೆದುಕೊಳ್ಳುತ್ತಾರೆ, ದಂಡ ಹಾಕುವುದಿಲ್ಲ. ಘೋಷಿಸದೆ ಸಿಕ್ಕರೆ ಸಾವಿರಾರು ಡಾಲರ್ ದಂಡ, ಕೆಲವು ವೀಸಾಗಳಿಗೆ ರದ್ದಾಗುವ ಭಯವೂ ಉಂಟು. ಹೊಸ ಕೆಲಸದ ವೀಸಾದಲ್ಲಿ ಹೋಗುತ್ತಿರುವ ನಿಮ್ಮ ಯಜಮಾನರಿಗೆ ಎರಡು ಕಿಲೋ ಬೇಳೆಯ ಸಲುವಾಗಿ ಆ ಸಂಕಟ ಬೇಡ. ಪ್ರತಿ ವಸ್ತುವಿನ ಈಗಿನ ಷರತ್ತು ಆಸ್ಟ್ರೇಲಿಯಾ ಕೃಷಿ ಇಲಾಖೆಯ 'ಬೈಕಾನ್' ಎಂಬ ಆನ್‌ಲೈನ್ ಪಟ್ಟಿಯಲ್ಲಿದೆ. ನಿಯಮ ಆಗಾಗ ಬದಲಾಗುವುದರಿಂದ ಸಾಮಾನು ಕಟ್ಟುವ ವಾರ ಒಮ್ಮೆ ತೆರೆದು ನೋಡಿ.

ನೀವು ಕೇಳಿಲ್ಲ, ಆದರೆ ಮುಂದೆ ಬರುವ ಪ್ರಶ್ನೆ ಇದು: ನೀವು ನೆಲೆಯೂರಿದ ಮೇಲೆ ಅತ್ತೆ ಚಟ್ನಿಪುಡಿಯನ್ನು ಕೊರಿಯರ್ ಮಾಡಬಹುದೇ? ಅಂಚೆಗೂ ಕೊರಿಯರಿಗೂ ಇದೇ ಧಾನ್ಯದ ಪಟ್ಟಿ ಅನ್ವಯಿಸುತ್ತದೆ. ಮನೆಯ ಚಟ್ನಿಪುಡಿ ಹೋಗುವುದಿಲ್ಲ, ಕಂಪನಿ ಪ್ಯಾಕಿನ ಹುರಿದ ಶೇಂಗಾ ಹೋಗಬಹುದು. ಅದನ್ನು ಅಲ್ಲೇ ಕುಟ್ಟಿಕೊಳ್ಳಿ, ಒನಕೆ ಹೇಗೂ ಜೊತೆಗಿರುತ್ತದೆ.